ಮಲ್ಲಿಗೆಯ ಬುಡಕ್ಕೆ ತರಗೆಲೆಯ ಹೊದಿಕೆ

ಶಿಶಿರ ಕಳೆದು ವಸಂತ ಕಾಲಿಡುವ ಹೊತ್ತಿಗೆ ಬೆಂಗಳೂರು, ಮೈಸೂರಿನಂಥ ಊರುಗಳ ಅಂಗಳದಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಹೊಂಗೆ, ಬಾದಾಮಿ ಮರಗಳು ಉದುರಿಸಿದ ಎಲೆಗಳನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಇಡುವುದು ಒಂದು; ಮೊಗ್ಗು ಬಿಡತೊಡಗಿದ ಮಲ್ಲಿಗೆಯ ಪಾತಿ ಒಣಗದಂತೆ ಮತ್ತೆ ಮತ್ತೆ ನೀರು ಹೊಯ್ಯುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟರೆ ಎರಡನೆಯದರ ಶ್ರಮ ಕಡಿಮೆಯಾಗುತ್ತದೆ ಎಂಬುದು ಮಲೆನಾಡಿನ ತೋಟಿಗರಿಗೆ ಹಿಂದಿನಿಂದಲೂ ಗೊತ್ತು.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಿಗೆ ‘ಸೊಪ್ಪಿನ ಬೆಟ್ಟ’ಗಳಿವೆ. ಸೊಪ್ಪು, ದರಕು ತಂದುಕೊಳ್ಳಲೆಂದೇ ಬಿಟ್ಟುಕೊಟ್ಟ ಅರಣ್ಯಭೂಮಿ ಇದು. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಗೊತ್ತುಮಾಡಲಾಗಿತ್ತು. ಒಣಗಿದ ದರಕು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತಿತ್ತು. ಹಸಿ ಸೊಪ್ಪು ಅಡಿಕೆಯ ಬುಡ ಮುಚ್ಚುತ್ತಿತ್ತು. ಇದಕ್ಕೆ ಇನ್ನೊಂದು ಮುಖವೂ ಉಂಟು. ವರ್ಷವರ್ಷವೂ ಕೊಂಬೆ ಸವರಿ ನೆಲ ಗುಡಿಸಿದ ಕಡೆ ಬೆಟ್ಟಗಳು ಬೋಳಾದವು. ತೋಟದ ನೆಲ ಮುಚ್ಚಲು ಕಾಡಿನ ನೆಲವನ್ನು ಬರಿದು ಮಾಡಿದ್ದರ ಫಲ ಅದು. ಮನೆಯ ಹೂದೋಟಕ್ಕೆ ಅಂಥ ಸಾಲ ಬೇಕಿಲ್ಲ. ಅಂಗಳದ ಮರ ಕೊಟ್ಟಿದ್ದೇ ಸಾಕು.

ರೈತರು ಮುಚ್ಚಿಗೆ ಎನ್ನುವುದೂ ಕೃಷಿ ತಜ್ಞರು ಮಲ್ಚಿಂಗ್ ಎನ್ನುವುದೂ ಇದನ್ನೇ. ಬರಿಮಣ್ಣಿಗೆ ಬಿಸಿಲು, ಗಾಳಿ ನೇರವಾಗಿ ತಾಗಿದಾಗ ತೇವ ಬೇಗ ಆರುತ್ತದೆ. ಮೇಲೊಂದು ಹೊದಿಕೆಯಿದ್ದರೆ ಮಣ್ಣು ತಂಪಾಗಿದ್ದು ಎರೆಹುಳುಗಳು ಮೇಲ್ಪದರದಲ್ಲೇ ಉಳಿಯುತ್ತವೆ. ಬೆಳಕು ಸಿಗದ ಕಳೆಬೀಜಗಳು ಮೊಳೆಯುವುದು ಕಡಿಮೆ. ಮಳೆ ಬಂದಾಗ ಮಣ್ಣು ಸಿಡಿದು ಗುಲಾಬಿಯ ಕೆಳಗಿನ ಎಲೆಗಳಿಗೆ ರೋಗ ಅಂಟುವುದೂ ತಗ್ಗುತ್ತದೆ. ಕ್ರಮೇಣ ಎಲೆಯೇ ಕೊಳೆತು ಗೊಬ್ಬರವಾಗುತ್ತದೆ.

ವಿಧಾನ ಸರಳ. ಮೊದಲು ಕಳೆ ಕಿತ್ತು, ಪಾತಿಗೆ ಚೆನ್ನಾಗಿ ನೀರುಣಿಸಬೇಕು. ಒಣಮಣ್ಣಿನ ಮೇಲೆ ಹೊದಿಸಿದರೆ ಆಮೇಲೆ ಹಾಕಿದ ನೀರನ್ನು ಎಲೆಯೇ ಹೀರಿಕೊಳ್ಳುತ್ತದೆ. ಅನಂತರ ಎರಡು ಮೂರು ಅಂಗುಲ ದಪ್ಪಕ್ಕೆ ಎಲೆ ಹರಡಬೇಕು. ಬಾದಾಮಿಯಂಥ ಅಗಲ ಎಲೆಗಳನ್ನು ಮುರಿದು ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ನೀರು ಇಳಿಯಗೊಡುವುದಿಲ್ಲ. ಕಾಂಡದ ಸುತ್ತ ಎರಡು ಅಂಗುಲ ಜಾಗ ಬಿಡಬೇಕು. ಕಾಂಡಕ್ಕೇ ಒತ್ತಿ ಹಾಕಿದರೆ ಬುಡ ಕೊಳೆಯಬಹುದು. ಗೆದ್ದಲು ಇರುವಲ್ಲಿ ಆಗಾಗ ಎಲೆ ಸರಿಸಿ ನೋಡುವುದು ಲೇಸು. ಹಸಿ ಹುಲ್ಲನ್ನು ದಪ್ಪಗೆ ಪೇರಿಸಿದರೆ ಕಾವೇರುತ್ತದೆ; ಒಣಗಿಸಿ ಹಾಕಬೇಕು. ಮರವಿಲ್ಲದ ಮನೆಯವರಿಗೆ ಭತ್ತದ ಹುಲ್ಲು ಇಲ್ಲವೆ ತೆಂಗಿನ ನಾರು ಆದೀತು.

ಎಲೆ ಸುಡುವ ಹೊಗೆ ಎದೆಗೂ ಕೇಡು. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದಂಡದ ಮಾತು ಹಾಗಿರಲಿ. ಬೂದಿಯಾದ ಎಲೆಯಲ್ಲಿ ಪೊಟ್ಯಾಷ್ ಒಂದಿಷ್ಟು ಉಳಿದರೂ ಸಾರಜನಕ ಹೊಗೆಯೊಡನೆ ಹೋಗಿಬಿಡುತ್ತದೆ. ಯುಗಾದಿಗೆ ಅಂಗಳ ಗುಡಿಸುವವರು ಆ ರಾಶಿಯನ್ನು ಮಲ್ಲಿಗೆಯ ಪಾತಿಗೆ ಸುರಿದರೆ ಅಂಗಳವೂ ಚೊಕ್ಕಟವಾಗುತ್ತದೆ, ವೈಶಾಖದ ಬಿಸಿಲಿಗೆ ಬೇರೂ ತಂಪಾಗಿರುತ್ತದೆ.