ಪ್ಯಾಕೆಟ್ಟು ಹೊರಟ ಬಾಗಿಲು: ಜಾಲಪರೀಕ್ಷೆಯಲ್ಲಿ ಮೂಲವಿಳಾಸದ ವಿಚಾರ

ಶಾಸನವೊಂದರ ಪಾಠವನ್ನು ಪ್ರಕಟಿಸುವಾಗ ಆ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಅಥವಾ ಹೊಲದ ಬಳಿ ನಿಂತಿದೆಯೆಂಬುದನ್ನು ಮೊದಲು ಹೇಳುವುದು ರೂಢಿ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿಯೂ ಇದೇ ಕ್ರಮವಿದೆ. ಸ್ಥಳ ತಿಳಿಯದ ಶಾಸನದ ಸಾಕ್ಷ್ಯವನ್ನು ನಾವು ಅರ್ಧ ಬೆಲೆಗೆ ಮಾತ್ರ ಒಪ್ಪುತ್ತೇವೆ. ಗಣಕಜಾಲದ ಪರೀಕ್ಷೆಗಳ ವಿಷಯದಲ್ಲಿ ಈ ಎಚ್ಚರವು ಸಾಮಾನ್ಯವಾಗಿ ಕಾಣಬರುವುದಿಲ್ಲ. ಪರೀಕ್ಷೆಯ ಪ್ಯಾಕೆಟ್ಟು ಯಾವ ವಿಳಾಸದಿಂದ, ಯಾವ ಬಾಗಿಲಿನ ಮೂಲಕ ಹೊರಟಿತೆಂಬುದನ್ನು ವಿಚಾರಿಸದೆ ತೀರ್ಪು ಬರೆದುಬಿಡುವುದುಂಟು. ಈ ವಿಷಯವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಿನ ವೀರಗಲ್ಲುಗಳ ಛಾಯಾಚಿತ್ರಗಳನ್ನು ವಿಭಾಗದ ಸಂಗ್ರಹಕ್ಕೆ ಕಳುಹಿಸುತ್ತಿದ್ದಾಗ ಈ ವಿಚಾರವು ನಮ್ಮ ಗಮನಕ್ಕೆ ಬಂದಿತು. ನಾವು ತಂಗಿದ್ದ ಮನೆಯ ಗಣಕಕ್ಕೆ ಎರಡು ಸಂಪರ್ಕಗಳಿದ್ದುವು. ಒಂದು, ಮುಂಗೋಣೆಯ ಪೆಟ್ಟಿಗೆಯಿಂದ ವೈ-ಫೈ ಮೂಲಕ ಬರತಕ್ಕ ತಂತಿಯ ಬ್ರಾಡ್‌ಬ್ಯಾಂಡ್. ಮತ್ತೊಂದು, ಮೇಜಿನ ಮೇಲೆ ಕೇಬಲಿನಿಂದ ಜೋಡಿಸಿದ್ದ ಮೊಬೈಲ್ ರೌಟರ್. ಮೊಬೈಲಿಗೆ ದಿನಕ್ಕಿಷ್ಟೆಂಬ ಮಿತಿಯಿದ್ದುದರಿಂದ ಹಗಲಿನ ಪತ್ರವ್ಯವಹಾರಕ್ಕೆ ಮಾತ್ರ ಅದನ್ನು ಬಳಸಿ, ರಾತ್ರಿ ಕೇಬಲನ್ನು ಬಿಚ್ಚಿ ಚಿತ್ರಗಳನ್ನು ತಂತಿಯ ಮೂಲಕ ಕಳುಹಿಸುತ್ತಿದ್ದೆವು. ಮಳೆ ಹಿಡಿದ ಮೇಲೆ ತಂತಿಯ ಸಂಪರ್ಕ ಕೆಟ್ಟು, ಚಿತ್ರಗಳು ಅರ್ಧದಲ್ಲಿಯೇ ನಿಲ್ಲತೊಡಗಿದುವು. ದೂರು ಕೊಟ್ಟೆವು. ಸಂಸ್ಥೆಯ ನೌಕರರೊಬ್ಬರು ಹಗಲು ಬಂದು ನಮ್ಮ ಗಣಕದಲ್ಲಿಯೇ ಪಿಂಗ್ ನಡೆಸಿದರು. ಉತ್ತರಗಳೆಲ್ಲ ಸರಿಯಾಗಿ ಬಂದುವು. ‘ದೋಷವಿಲ್ಲ’ ಎಂದು ಬರೆದು ದೂರನ್ನು ಮುಗಿಸಿದರು. ಆ ಪ್ಯಾಕೆಟ್ಟುಗಳು ಹೋದದ್ದು ಮೊಬೈಲಿನ ಮೂಲಕ. ತಂತಿಯ ಪರೀಕ್ಷೆ ನಡೆಯಲೇ ಇಲ್ಲ. ಅದಕ್ಕಾಗಿ ಇನ್ನೊಂದು ದೂರು, ಇನ್ನೂ ಕೆಲವು ವಾರ. ಅಷ್ಟರಲ್ಲಿ ಚಿತ್ರಗಳ ಒಂದೇ ಪ್ರತಿ ಒದ್ದೆ ಹವೆಯ ಕೋಣೆಯಲ್ಲಿ ಒಂದು ಡಿಸ್ಕಿನಲ್ಲಿಯೇ ಉಳಿಯಿತು.

ಪಿಂಗ್ ಎಂಬ ಸಾಧನವನ್ನು ಮೈಕ್ ಮ್ಯೂಸ್ ಅವರು 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಬರೆದರು. ನೀರಿನೊಳಗೆ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಸೋನಾರ್ ಯಂತ್ರದಿಂದ ಆ ಹೆಸರು ಬಂದಿದೆ. ಸಣ್ಣದೊಂದು ಪ್ಯಾಕೆಟ್ಟು ಗುರಿಗೆ ಹೋಗುತ್ತದೆ. ಗುರಿಯ ಯಂತ್ರ ಅದರಲ್ಲಿ ಬರೆದಿರುವ ಮೂಲವಿಳಾಸಕ್ಕೆ ಉತ್ತರವನ್ನು ಕಳುಹಿಸುತ್ತದೆ. ಎರಡು ಬಾಗಿಲುಗಳುಳ್ಳ ಗಣಕಕ್ಕೆ ಎರಡು ವಿಳಾಸಗಳಿರುವುವು. ತಂತಿಯ ಕಡೆಯದು 192.168.1.20, ಮೊಬೈಲ್ ಕಡೆಯದು 192.168.8.100 ಎಂದಿಟ್ಟುಕೊಳ್ಳೋಣ. ಬಳಸುವವರು ಏನನ್ನೂ ಹೇಳದಿದ್ದರೆ ಗಣಕವು ತನ್ನ ಮಾರ್ಗಪಟ್ಟಿಯನ್ನು ನೋಡಿ, ಗುರಿಗೆ ಸರಿಹೊಂದುವ ಮಾರ್ಗಗಳಲ್ಲಿ ಕಡಮೆ ವೆಚ್ಚದ್ದೆಂದು ಗುರುತಿಸಿರುವುದನ್ನು ಆರಿಸಿ, ಆ ಬಾಗಿಲಿನ ವಿಳಾಸವನ್ನೇ ಮೂಲವಿಳಾಸವಾಗಿ ಬರೆಯುತ್ತದೆ. ಲಿನಕ್ಸ್ ಗಣಕಗಳು ಸಾಮಾನ್ಯವಾಗಿ ವೈ-ಫೈಗಿಂತ ಕೇಬಲಿಗೆ ಪ್ರಾಶಸ್ತ್ಯ ಕೊಡುತ್ತವೆ. ಅರೇಹಳ್ಳಿಯಲ್ಲಿ ನಡೆದದ್ದು ಇಷ್ಟೆ.

ಇದನ್ನು ತಪ್ಪಿಸಲು ಪಿಂಗ್ ಆಜ್ಞೆಗೆ ಒಂದು ಆಯ್ಕೆಯನ್ನು ಸೇರಿಸಬಹುದು. ಲಿನಕ್ಸಿನಲ್ಲಿ ಅದು ದೊಡ್ಡಕ್ಷರದ ‘ಐ’. ಅದರ ಮುಂದೆ ವಿಳಾಸವನ್ನಾದರೂ ಬಾಗಿಲಿನ ಹೆಸರನ್ನಾದರೂ ಕೊಡಬಹುದು. ಒಂದೇ ಅಕ್ಷರ ಎರಡಕ್ಕೂ ಸಲ್ಲುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ದುರದೃಷ್ಟದ ಏರ್ಪಾಡು. ಮಾರ್ಗವನ್ನು ತೋರಿಸುವ ಟ್ರೇಸ್‌ರೂಟ್ ಸಾಧನದಲ್ಲಿ ವಿಳಾಸಕ್ಕೆ ‘ಎಸ್’, ಬಾಗಿಲಿಗೆ ಸಣ್ಣಕ್ಷರದ ‘ಐ’ ಎಂದು ಬೇರೆ ಬೇರೆ ಇಟ್ಟಿರುವುದು ಮೇಲು.

ವಿಳಾಸವನ್ನು ಮಾತ್ರ ಕೊಟ್ಟಾಗ ಆಗುವುದೇನು? ಪ್ಯಾಕೆಟ್ಟಿನ ಮೇಲೆ 192.168.1.20 ಎಂದು ಬರೆದಿರುತ್ತದೆ. ಆದರೆ ವಿಶೇಷ ನಿಯಮವಿಲ್ಲದ ಲಿನಕ್ಸ್ ಮಾರ್ಗವನ್ನು ನಿರ್ಣಯಿಸುವುದು ಗುರಿಯನ್ನು ನೋಡಿ. ಆದುದರಿಂದ ತಂತಿಯ ವಿಳಾಸವನ್ನು ಹೊತ್ತ ಪ್ಯಾಕೆಟ್ಟು ಮೊಬೈಲಿನ ಬಾಗಿಲಿನಿಂದಲೇ ಹೊರಡುತ್ತದೆ. ತನ್ನ ಕಡೆಯದಲ್ಲದ ವಿಳಾಸವನ್ನು ಕಂಡ ಮೊಬೈಲ್ ರೌಟರ್ ಅದನ್ನು ಬಿಸುಡಬಹುದು. ಹೀಗೆ ಬಿಸುಡುವುದು ಅಪರಾಧವೂ ಅಲ್ಲ. ಸುಳ್ಳು ಮೂಲವಿಳಾಸಗಳನ್ನು ಅಂಚಿನಲ್ಲಿಯೇ ತಡೆಯಬೇಕೆಂದು 2000ನೆಯ ಇಸವಿಯ 2827ನೆಯ ಆರ್‌ಎಫ್‌ಸಿ ಪತ್ರವು ಸಲಹೆ ಮಾಡಿದೆ. ಉತ್ತರ ಬಾರದು, ತಂತಿ ಸತ್ತಿದೆಯೆಂದು ನಾವು ತಿಳಿದೇವು. ಮೊದಲಿನದು ದೋಷಿಯನ್ನು ಬಿಟ್ಟ ತೀರ್ಪಾದರೆ ಇದು ನಿರ್ದೋಷಿಯನ್ನು ದಂಡಿಸುವ ತೀರ್ಪು.

ವಿಂಡೋಸಿನಲ್ಲಿ ಕಥೆ ಬೇರೆ. ಒಂದು ಬಾಗಿಲಿನ ವಿಳಾಸವುಳ್ಳ ಪ್ಯಾಕೆಟ್ಟು ಆ ಬಾಗಿಲಿನಿಂದಲೇ ಹೋಗಬೇಕೆಂಬುದು ಒಂದು ಪಂಥ, ಯಾವುದರಿಂದಲಾದರೂ ಹೋಗಬಹುದೆಂಬುದು ಇನ್ನೊಂದು. 1989ರ 1122ನೆಯ ಆರ್‌ಎಫ್‌ಸಿ ಎರಡನ್ನೂ ಚರ್ಚಿಸಿ ಎರಡಕ್ಕೂ ಅವಕಾಶವಿತ್ತಿತು. ವಿಸ್ಟಾದಿಂದ ಈಚೆಗೆ ವಿಂಡೋಸ್ ಮೊದಲನೆಯದನ್ನು ಅನುಸರಿಸುತ್ತದೆ, ಲಿನಕ್ಸ್ ಎರಡನೆಯದನ್ನು. ಒಬ್ಬರ ಮೇಜಿನಲ್ಲಿ ಕಂಡ ಫಲಿತಾಂಶ ಇನ್ನೊಬ್ಬರ ಮೇಜಿನಲ್ಲಿ ಕಾಣದಿರಲು ಇದೂ ಒಂದು ಕಾರಣ.

ಬಾಗಿಲಿನ ಹೆಸರನ್ನೇ ಕೊಟ್ಟರೆ ಪ್ಯಾಕೆಟ್ಟು ಅಲ್ಲಿಂದಲೇ ಹೊರಡುವುದು ನಿಶ್ಚಯ. ಆದರೆ ಆ ಬಾಗಿಲಿಗೆ ಹೊರಲೋಕದ ಮಾರ್ಗವು ಪಟ್ಟಿಯಲ್ಲಿ ಇರತಕ್ಕದ್ದು; ಇಲ್ಲವಾದರೆ ದೂರದ ಗುರಿಯನ್ನು ಗಣಕವು ಮನೆಯೊಳಗೇ ಹುಡುಕಿ ಬರಿಗೈಯಲ್ಲಿ ಮರಳುತ್ತದೆ. ಇನ್ನೊಂದು ತೊಡಕು ಹಿಮ್ಮಾರ್ಗದ ಪರಿಶೀಲನೆ. ಇದನ್ನು ಬಿಗಿಯಾಗಿ ಇಟ್ಟಿರುವ ಲಿನಕ್ಸ್ ಗಣಕವು, ತಾನು ಆ ಗುರಿಗೆ ಯಾವ ಬಾಗಿಲನ್ನು ಆರಿಸುತ್ತಿತ್ತೋ ಆ ಬಾಗಿಲಿನಿಂದ ಬಾರದ ಉತ್ತರವನ್ನು ಒಳಗೆ ಬಿಡುವುದಿಲ್ಲ. ತಂತಿಯ ಮೂಲಕ ಹೋದ ಪ್ರಶ್ನೆಗೆ ತಂತಿಯ ಮೂಲಕವೇ ಉತ್ತರ ಬಂದು ಹೊಸ್ತಿಲಿನಲ್ಲಿ ನಾಶವಾಗುತ್ತದೆ. ಪಿಂಗ್ ಮೌನ. ಬಾಗಿಲಿಗೆ ಬಂದುದನ್ನೆಲ್ಲ ದಾಖಲಿಸುವ ಟಿಸಿಪಿಡಂಪ್ ಸಾಧನವನ್ನು ಪಕ್ಕದಲ್ಲಿ ನಡೆಸಿದರೆ ಉತ್ತರ ಬಂದದ್ದು ಅದರಲ್ಲಿ ಕಾಣಸಿಗುತ್ತದೆ.

ಒಂದು ಕೇಬಲನ್ನು ಬಿಚ್ಚಿ ಪರೀಕ್ಷಿಸುವುದೇ ಸುಲಭವಲ್ಲವೆ ಎಂದು ವಾಚಕರು ಕೇಳಬಹುದು. ಮನೆಯಲ್ಲಿ ಅದೇ ಸುಲಭ. ಜನ ಸರದಿಯಲ್ಲಿ ನಿಂತಿರುವ ಕಚೇರಿಯಲ್ಲಿ, ಅಥವಾ ದೂರದಿಂದ ನೋಡಿಕೊಳ್ಳುವ ಯಂತ್ರದಲ್ಲಿ ಅದು ಸಾಧ್ಯವಿಲ್ಲ. ಅಂತಹ ಕಡೆ ಪ್ರತಿಯೊಂದು ಮೂಲವಿಳಾಸಕ್ಕೂ ಪ್ರತ್ಯೇಕ ಮಾರ್ಗಪಟ್ಟಿಯನ್ನು ಬರೆದಿಡುವುದು ಯುಕ್ತ. ಆಗ ವಿಳಾಸವೂ ಬಾಗಿಲೂ ಹೊಂದಿಕೊಂಡು ನಡೆಯುತ್ತವೆ.

ಎರಡನೆಯ ದೂರಿನೊಡನೆ ನಾವು ಒಂದು ಹಾಳೆಯನ್ನು ಲಗತ್ತಿಸಿದೆವು. ದಿನ, ವೇಳೆ, ಗುರಿಯ ಅಂಕಿವಿಳಾಸ, ಮೂಲವಿಳಾಸ, ಬಾಗಿಲಿನ ಹೆಸರು, ಕಳುಹಿಸಿದ ಮತ್ತು ಮರಳಿದ ಪ್ಯಾಕೆಟ್ಟುಗಳ ಸಂಖ್ಯೆ, ಇವು ಅದರಲ್ಲಿದ್ದುವು. ಅದೇ ಗಳಿಗೆಯಲ್ಲಿ ಮೊಬೈಲ್ ಬಾಗಿಲಿನಿಂದ ನಡೆಸಿದ ಪರೀಕ್ಷೆಯ ಸಾಲು ಅದರ ಕೆಳಗೆ. ಈ ಬಾರಿ ಬಂದವರು ಗಣಕದ ಬಳಿಗೆ ಬರಲಿಲ್ಲ; ಹಾಳೆಯನ್ನು ಓದಿ ನೇರವಾಗಿ ಏಣಿಯನ್ನು ತೆಗೆದುಕೊಂಡು ಕಂಬದ ಕಡೆಗೆ ಹೋದರು.