ಕಚೇರಿಯ ವೈ-ಫೈಗೆ ಒಂದೇ ನಿಯಂತ್ರಣ ಕೇಂದ್ರ

ವ್ಯವಹಾರ ಬೆಳೆದಂತೆಲ್ಲ ಕಚೇರಿಗೊಂದು, ಮಹಡಿಗೊಂದು, ಗೋದಾಮಿಗೊಂದು ಎಂದು ವೈ-ಫೈ ರೂಟರ್‌ಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದು ಸಣ್ಣ ಉದ್ಯಮಗಳಲ್ಲಿ ಸಾಮಾನ್ಯ. ಇದರ ತೊಡಕು ನೌಕರರೊಬ್ಬರು ಕೆಲಸ ಬಿಟ್ಟ ದಿನ ಅರಿವಾಗುತ್ತದೆ. ಅವರಿಗೆ ತಿಳಿದಿರುವ ಪಾಸ್‌ವರ್ಡನ್ನು ಪ್ರತಿಯೊಂದು ರೂಟರಿನಲ್ಲಿಯೂ ಬದಲಿಸಬೇಕು. ಒಂದನ್ನು ಮರೆತರೂ ಲೆಕ್ಕಪತ್ರಗಳಿರುವ ಜಾಲದ ಬಾಗಿಲು ತೆರೆದೇ ಉಳಿಯುತ್ತದೆ.

ಕೇಂದ್ರೀಕೃತ ವ್ಯವಸ್ಥೆಯಲ್ಲಿ ಆಕ್ಸೆಸ್ ಪಾಯಿಂಟ್‌ಗಳೆಲ್ಲವೂ ಕಂಟ್ರೋಲರ್ ಎಂಬ ಒಂದೇ ಸಾಧನ ಅಥವಾ ತಂತ್ರಾಂಶದ ನಿಯಂತ್ರಣಕ್ಕೆ ಒಳಪಟ್ಟಿರುತ್ತವೆ. ಅಲ್ಲಿ ಒಮ್ಮೆ ಮಾಡಿದ ಬದಲಾವಣೆ ಎಲ್ಲೆಡೆ ಜಾರಿಗೆ ಬರುತ್ತದೆ. ಪ್ರತಿ ನೌಕರರಿಗೂ ಪ್ರತ್ಯೇಕ ಖಾತೆ ನೀಡಿದ್ದಲ್ಲಿ, ಬಿಟ್ಟುಹೋದವರ ಖಾತೆಯನ್ನಷ್ಟೇ ರದ್ದುಪಡಿಸಿದರೆ ಸಾಕು. ಭೇಟಿಗೆ ಬರುವ ಗ್ರಾಹಕರಿಗೆ ಕಚೇರಿಯ ಕಂಪ್ಯೂಟರುಗಳು ಎಟುಕದಂತಹ ಬೇರೆ ಜಾಲವನ್ನು ಒದಗಿಸಬಹುದು.

ವಿನ್ಯಾಸವು ಸ್ಥಳ ಪರಿಶೀಲನೆಯಿಂದ ಆರಂಭವಾಗಬೇಕು. ಕಾಂಕ್ರೀಟ್ ಗೋಡೆ, ಕಬ್ಬಿಣದ ರ‍್ಯಾಕು ಮತ್ತು ಯಂತ್ರಗಳು ಸಂಕೇತವನ್ನು ತಡೆಯುತ್ತವೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳೆಂದರೆ ಸಾಮಾನ್ಯವಾಗಿ 1, 6 ಮತ್ತು 11 ಮಾತ್ರ. ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳಿಗೆ ಇವನ್ನು ಹಂಚಬೇಕು. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಸ್ವಿಚ್‌ನಿಂದ ಎಳೆಯುವ ಈಥರ್ನೆಟ್ ತಾಮ್ರದ ಕೇಬಲ್ 100 ಮೀಟರ್ ಮೀರಬಾರದು. ಪವರ್ ಓವರ್ ಈಥರ್ನೆಟ್ ಇರುವ ಸ್ವಿಚ್ಚಾದರೆ ಅದೇ ಕೇಬಲಿನಲ್ಲಿ ವಿದ್ಯುತ್ತೂ ಹರಿಯುವುದರಿಂದ, ಸ್ವಿಚ್ಚಿಗೆ ಯುಪಿಎಸ್ ಜೋಡಿಸಿದರೆ ವಿದ್ಯುತ್ ಕಡಿತದಲ್ಲಿಯೂ ಜಾಲ ನಡೆಯುತ್ತದೆ. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಹಳೆಯ ಡಬ್ಲ್ಯುಇಪಿ ಸುರಕ್ಷಿತವಲ್ಲ.

ಕೆಲವು ಕಂಟ್ರೋಲರುಗಳಿಗೆ ವಾರ್ಷಿಕ ಶುಲ್ಕವುಂಟು. ಶುಲ್ಕ ಕಟ್ಟದಿದ್ದರೆ ಜಾಲ ಮುಂದುವರಿಯುವುದೇ ಎಂಬುದನ್ನು ಖರೀದಿಗೆ ಮೊದಲೇ ಲಿಖಿತವಾಗಿ ಪಡೆಯುವುದು ಲೇಸು.