ಊರಿನ ಋಣ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂದು ನುಡಿಯುವ ನಾಲಗೆಯೇ, ಮಗನು ಪರಸ್ಥಳಕ್ಕೆ ಹೊರಟು ನಿಂತೊಡನೆ “ಇದ್ದ ಊರೇ ಮೇಲು” ಎನ್ನುತ್ತದೆ. ಒಂದೆಡೆಯಲ್ಲಿ ನೆಲಸಿದವನನ್ನು ಕೂಪಮಂಡೂಕವೆಂದು ಜರೆಯುವುದೂ, ಊರು ಬಿಟ್ಟವನನ್ನು ನೆಲೆಗೆಟ್ಟವನೆಂದು ಹಳಿಯುವುದೂ ಲೋಕದಲ್ಲಿ ಸಮನಾಗಿಯೇ ನಡೆದಿವೆ. ಇವೆರಡರಲ್ಲಿ ಗೃಹಸ್ಥನಿಗೆ ಯಾವುದು ಶ್ರೇಯಸ್ಕರವೆಂಬುದನ್ನು ನಮ್ಮ ಬಳ್ಳಾರಿ ಸೀಮೆಯ ದೃಷ್ಟಾಂತದಿಂದಲೇ ವಿವೇಚಿಸಬಹುದಾಗಿದೆ.

ಮಳೆ ತಪ್ಪಿದ ವರ್ಷ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಕೂಲಿಯನ್ನರಸಿ ಹೊರಡುವುದಕ್ಕೆ ಈ ಸೀಮೆಯಲ್ಲಿ ‘ಗುಳೆ’ ಎಂದು ಹೆಸರು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಹಳವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂಥ ಕಾಲದಲ್ಲಿ ಊರು ಬಿಟ್ಟವರು ಲೋಕಾನುಭವಕ್ಕಾಗಿ ಹೊರಟವರಲ್ಲ, ಅನ್ನಕ್ಕಾಗಿ ಹೊರಟವರು. ಹಸಿವು ಅಟ್ಟಿದ ಪಯಣವನ್ನೂ ಮನಸ್ಸು ಬಯಸಿದ ಪಯಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇನ್ನು ಸಿರುಗುಪ್ಪವನ್ನು ನೋಡೋಣ. ಹೊಳೆಯ ಮಗ್ಗುಲಿನ ಆ ಊರಿಗೆ ವಿಜಯನಗರದ ಕಾಲದಿಂದಲೂ ಕಾಲುವೆಯುಂಟು. ಆದರೆ ಸುತ್ತಲಿನ ವಿಶಾಲವಾದ ಎರೆಭೂಮಿಯು ಮಳೆಯನ್ನೇ ನಂಬಿ ಜೋಳ ಹತ್ತಿಗಳನ್ನು ಬೆಳೆಯುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ, ಕೃಷ್ಣಾ ಗೋದಾವರಿಗಳ ಮುಖಜಭೂಮಿಯ ತೆಲುಗು ಒಕ್ಕಲಿಗರು ಬಂದು ಭೂಮಿಯನ್ನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ನೀರನ್ನು ಮಡಿಯಲ್ಲಿ ನಿಲ್ಲಿಸಿ ನೆಲ್ಲಿನ ಸಸಿ ನೆಡುವ ವಿದ್ಯೆ ಅವರಿಗೆ ವಂಶಾನುಗತವಾಗಿತ್ತು. ನೀರಾವರಿಯ ವೆಚ್ಚಕ್ಕೆ ಅಂಜಿ ಅಲ್ಪಬೆಲೆಗೆ ಹೊಲ ಮಾರಿದ ಸ್ಥಳೀಯರಲ್ಲಿ ಕೆಲವರು, ಮುಂದೆ ಅಜ್ಜನ ಹೊಲದಲ್ಲಿಯೇ ಕೂಲಿಗೆ ನಿಲ್ಲಬೇಕಾಯಿತು. ಅವರು ಊರನ್ನು ಬಿಡಲಿಲ್ಲ. ಊರೇ ಅವರ ಕೈಬಿಟ್ಟಿತು. ಪರದೇಶಿಗಳಾಗಿ ಬಂದವರ ಮೊಮ್ಮಕ್ಕಳಾದರೋ ಸಿರುಗುಪ್ಪವನ್ನೇ ತಮ್ಮ ಊರೆನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮೊದಲಾದ ಗ್ರಾಮಗಳು ಮುಳುಗಿದವು. ಅಲ್ಲಿಯ ಅನೇಕ ಕುಟುಂಬಗಳು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಒಲೆ ಹೂಡಿದವು. ಒಬ್ಬರ ಕಣಜವನ್ನು ತುಂಬಿದ ನೀರು ಮತ್ತೊಬ್ಬರ ಹೊಸ್ತಿಲನ್ನು ನುಂಗಿತೆಂಬುದನ್ನು ಉಣ್ಣುವಾಗ ನೆನೆಯುವುದು ಧರ್ಮ. ಹೊಸ್ತಿಲು ದಾಟದವರಿಗೂ ಸ್ಥಿರತೆಯಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮದ್ರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಮನೆಯಲ್ಲಿ ಮಲಗಿದ್ದವನು ಎದ್ದಾಗ ಬೇರೆ ರಾಜ್ಯದಲ್ಲಿದ್ದನು!

ಕುರುಗೋಡಿನಲ್ಲಿ ಆಳಿದ ಸಿಂದರು ಕಾಲಗರ್ಭದಲ್ಲಿ ಅಡಗಿಹೋದರು; ದೊಡ್ಡಬಸವೇಶ್ವರನ ಬೃಹತ್ ನಂದಿಯು ಇಂದಿಗೂ ಅಲುಗದೆ ಕುಳಿತಿದೆ. ಆದರೆ ಸ್ವಾಮಿಯ ತೇರು ಸಾಗಬೇಕಾದರೆ ಊರಲ್ಲಿ ಉಳಿದವರೂ ಬೇಕು, ಪರಸ್ಥಳದಿಂದ ಬಂದು ಮಿಣಿ ಹಿಡಿಯುವವರೂ ಬೇಕು. ಸ್ಥಾವರಕ್ಕೂ ಜಂಗಮಕ್ಕೂ ಇರುವ ನಂಟು ಇಂಥದು.

ಆದುದರಿಂದ ಊರೆಂಬುದು ಹುಟ್ಟಿನಿಂದ ಮಾತ್ರ ಬರುವ ಸ್ವತ್ತಲ್ಲ, ಸೇವೆಯಿಂದ ತೀರಿಸುವ ಋಣವೆಂದು ತಿಳಿಯತಕ್ಕದ್ದು. ವಿದ್ಯೆಗಾಗಲಿ ಉದ್ಯೋಗಕ್ಕಾಗಲಿ ಹೊರಡುವ ಮಕ್ಕಳನ್ನು ಕಣ್ಣೀರಿನಿಂದ ಕಟ್ಟಿಹಾಕಬಾರದು. ಅವರು ಹೊರಟರೆಂದು ಹಿರಿಯರು ಅವಸರದಿಂದ ಹೊಲಮನೆಗಳನ್ನು ಮಾರಲೂಬಾರದು. ಉಳಿದವನು ಹೊಸ ವಿದ್ಯೆಯನ್ನು ಕಲಿಯಲಿ. ಹೋದವನು ಹೋದೆಡೆಯ ನೆಲವನ್ನೂ ನುಡಿಯನ್ನೂ ಆದರಿಸಲಿ. ಹೀಗೆ ನಡೆದವನಿಗೆ ಎರಡು ಊರುಗಳುಂಟು; ನಡೆಯದವನಿಗೆ ಹುಟ್ಟಿದ ಊರೂ ಛತ್ರವೇ ಸರಿ.